ಟೊಮೇಟೊಗೆ ಇರುವ ಸ್ವಾತಂತ್ರ್ಯ

ನಾವಿರುವುದು ಲಕ್ಸೆಂಬರ್ಗ್‌ನಲ್ಲಿ, ತರಕಾರಿ ತರುವುದು ಜರ್ಮನಿಯ ಟ್ರಿಯರ್‌ನಿಂದ. "ಸೊಪ್ಪು ತರೋಕೆ ಬೇರೆ ದೇಶಕ್ಕೆ ಹೋಗ್ತೀಯೇನೇ?" ಅಂತ ಅಮ್ಮ ಫೋನಿನಲ್ಲಿ ನಗುತ್ತಾಳೆ. ವಾಸರ್‌ಬಿಲಿಗ್‌ನಲ್ಲಿ ಸೇತುವೆ ದಾಟಿದರೆ ಆಯಿತು. ನಾವು ಅತ್ತ ಹೋಗುವಾಗ ಅಲ್ಲಿಯವರು ಪೆಟ್ರೋಲ್ ಹಾಕಿಸಲು ಇತ್ತ ಬರುತ್ತಿರುತ್ತಾರೆ. ಜಿಎಸ್‌ಟಿಗೆ ಮೊದಲು ಅತ್ತಿಬೆಲೆ ಚೆಕ್‌ಪೋಸ್ಟಿನ ಲಾರಿ ಸಾಲು ನೋಡಿ ಬೆಳೆದವಳಿಗೆ ಇದು ಈಗಲೂ ಸೋಜಿಗವೇ.

ಇದೆಲ್ಲ ನೆರೆಹೊರೆಯವರ ಒಳ್ಳೆಯತನ ಅಂದುಕೊಂಡಿದ್ದೆ. ಅಲ್ಲ, ಬಹುಪಾಲು ಕೋರ್ಟಿನಲ್ಲಿ ಜಗಳಾಡಿ ಗೆದ್ದದ್ದು. ಯುರೋಪಿನ ಒಕ್ಕೂಟದ ನ್ಯಾಯಾಲಯ ನಮ್ಮೂರಲ್ಲೇ ಇದೆ. ಟ್ರಾಮಿನಿಂದ ಅದರ ಬಂಗಾರ ಬಣ್ಣದ ಗೋಪುರಗಳು ಕಾಣುತ್ತವೆ. ವಾನ್ ಗೆಂಡ್ ಎನ್ ಲೋಸ್ ಎಂಬ ಡಚ್ ಸಾಗಣೆ ಕಂಪನಿ ಪಶ್ಚಿಮ ಜರ್ಮನಿಯಿಂದ ರಾಸಾಯನಿಕ ತರಿಸಿದಾಗ ಶೇಕಡಾ 3 ಇದ್ದ ಸುಂಕ 8 ಆಗಿತ್ತು. ಸದಸ್ಯ ದೇಶಗಳು ತಮ್ಮೊಳಗಿನ ಸುಂಕ ಏರಿಸಬಾರದು ಎಂದು ಮೊದಲೇ ಒಪ್ಪಂದವಿತ್ತು. ಅದನ್ನು ಮಾಡಿಕೊಂಡದ್ದು ಸರ್ಕಾರಗಳು, ವ್ಯಾಪಾರಿ ಅದನ್ನು ಹಿಡಿದು ಕೋರ್ಟಿಗೆ ಬರುವುದೇನು ಎಂಬುದು ಸರ್ಕಾರಗಳ ವಾದ. ಅದು ಜನರಿಗೂ ಹಕ್ಕು ಕೊಡುತ್ತದೆ ಎಂದು 1963ರಲ್ಲಿ ತೀರ್ಪು ಬಂತು. ನನ್ನ ಪ್ರಕಾರ ಉಳಿದದ್ದೆಲ್ಲ ಇದರ ಬೆನ್ನಿಗೆ ಬಂದದ್ದು.

ನನಗೆ ಇಷ್ಟವಾದದ್ದು ಮಾತ್ರ 1979ರ ಮದ್ಯದ ಕೇಸು. ಫ್ರಾನ್ಸಿನ ಕಪ್ಪು ದ್ರಾಕ್ಷಿಯಂಥ ಹಣ್ಣಿನ ಮದ್ಯ 'ಕಸೀಸ್ ದ ದಿಜೋಂ' ತರಿಸಲು ಜರ್ಮನಿಯ ರೇವೆ ಅಂಗಡಿಯವರು ಹೊರಟರು. ಅದರಲ್ಲಿ ಆಲ್ಕೋಹಾಲ್ ಸಾಲದು, ಹಣ್ಣಿನ ಮದ್ಯಕ್ಕೆ ಶೇಕಡಾ 25 ಇರಲೇಬೇಕು ಎಂದಿತು ಜರ್ಮನಿ! ಹಗುರ ಮದ್ಯದಿಂದಲೇ ಜನರಿಗೆ ಕುಡಿತ ರೂಢಿಯಾಗುತ್ತದೆ ಎಂಬ ವಾದ ಬೇರೆ. ನ್ಯಾಯಾಲಯ ಒಪ್ಪಲಿಲ್ಲ. ಒಂದು ದೇಶದಲ್ಲಿ ಕಾನೂನುಬದ್ಧವಾಗಿ ಮಾರುವ ಸರಕನ್ನು ಬಲವಾದ ಕಾರಣವಿಲ್ಲದೆ ಪಕ್ಕದ ದೇಶ ತಡೆಯುವಂತಿಲ್ಲ.

ಸರಕಿನ ಕಥೆ ಇದು. ನನ್ನದು ಭಾರತದ ಪಾಸ್‌ಪೋರ್ಟು. ಪಕ್ಕದ ಮೇಜಿನ ಫ್ರೆಂಚ್ ಹುಡುಗ ಒಕ್ಕೂಟದ ಪ್ರಜೆ, ಯಾವ ಪರವಾನಗಿಯೂ ಇಲ್ಲದೆ ದಿನಾ ಗಡಿ ದಾಟಿ ಕೆಲಸಕ್ಕೆ ಬರುತ್ತಾನೆ. ನಾನು ಟ್ರಿಯರ್‌ನಲ್ಲಿ ಟೊಮೇಟೊ ಕೊಳ್ಳಬಹುದು. ಅಲ್ಲೇ ಕೆಲಸಕ್ಕೆ ಸೇರಬೇಕೆಂದರೆ ಜರ್ಮನಿಯ ಅನುಮತಿ ಬೇಕು. ಟೊಮೇಟೊಗೆ ಅಂಥದ್ದೇನೂ ಬೇಡ.

ಗಡಿ ತಪಾಸಣೆ ಕೈಬಿಡುವ ಒಪ್ಪಂದಕ್ಕೆ 1985ರಲ್ಲಿ ಸಹಿ ಬಿದ್ದ ಶೆಂಗೆನ್ ಹಳ್ಳಿ ಟ್ರಿಯರ್‌ನಲ್ಲೂ ಹರಿಯುವ ಮೊಸೆಲ್ ನದಿಯ ದಂಡೆಯಲ್ಲಿದೆ. ಆದರೆ ಅದರ ಬೆನ್ನಿಗೆ ಬಂದ ಕಾನೂನು ತಾತ್ಕಾಲಿಕ ತಪಾಸಣೆಗೂ ಅವಕಾಶ ಇಟ್ಟಿದೆ. 2024ರ ಸೆಪ್ಟೆಂಬರಿನಲ್ಲಿ ಜರ್ಮನಿ ನಮ್ಮ ಕಡೆಯ ಗಡಿಯಲ್ಲೂ ಅದನ್ನು ಶುರುಮಾಡಿತು. ಒಮ್ಮೆ ನಮ್ಮ ಕಾರನ್ನೂ ನಿಲ್ಲಿಸಿದರು. ಪೊಲೀಸಪ್ಪ ಕಾರ್ಡು ತಿರುಗಿಸಿ ನೋಡಿ, ಎಲ್ಲಿಗೆ ಅಂದ. ಕೊತ್ತಂಬರಿ ಸೊಪ್ಪಿಗೆ ಅಂದೆ. ನಗದೆ, ಹೋಗಿ ಅಂತ ಕೈಬೀಸಿದ.