ಟನ್ ಕಬ್ಬಿಗೆ ಎಷ್ಟು ಬೆಲ್ಲ?

ನಾನು ಪಾಂಡವಪುರ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಮೈಸೂರಿನಿಂದ ದಿನಾ ಬಸ್ಸಿನಲ್ಲಿ ಓಡಾಟ. ಏಳನೇ ಕ್ಲಾಸಿನಲ್ಲಿ 31 ಮಕ್ಕಳಿದ್ದಾರೆ. ಏಳೆಂಟು ಜನಕ್ಕೆ ಇನ್ನೂ ಭಾಗಾಕಾರ ಕೈಗೆ ಹತ್ತಿಲ್ಲ. ನಾಲ್ಕೈದು ಜನ ಕೊಟ್ಟ ಲೆಕ್ಕವನ್ನೆಲ್ಲ ಹತ್ತು ನಿಮಿಷದಲ್ಲಿ ಮುಗಿಸಿ ಕಿಟಕಿಯಾಚೆ ನೋಡುತ್ತಾ ಕೂರುತ್ತಾರೆ. ಎಲ್ಲರಿಗೂ ಒಂದೇ ಲೆಕ್ಕ ಹಾಕಿದರೆ ಎರಡೂ ಕಡೆಯವರಿಗೆ ಅನ್ಯಾಯ, ಅಲ್ವಾ?

ಒಂದರಿಂದ ಮೂರನೇ ಕ್ಲಾಸಿಗೆ ಇದಕ್ಕೆ ದಾರಿ ಇದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿಕಲಿಯಲ್ಲಿ ಮಗು ತಾನಿರುವ ಮೆಟ್ಟಿಲಿನ ಕಾರ್ಡು ತೆಗೆದುಕೊಂಡು ತನ್ನ ವೇಗದಲ್ಲೇ ಮುಂದೆ ಹೋಗುತ್ತದೆ. ಏಳನೇ ಕ್ಲಾಸಿಗೆ ಅಂಥ ಕಾರ್ಡು ಇಲ್ಲ. ನಾನೇ ಮೂರು ಹಂತದ ಲೆಕ್ಕ ಬರೆಯಲು ಕೂತರೆ ಭಾನುವಾರವೆಲ್ಲ ಅದರಲ್ಲೇ ಮುಗಿಯುತ್ತಿತ್ತು. ಹೋದ ವರ್ಷದಿಂದ ಈ ಕೆಲಸಕ್ಕೆ ಫೋನಿನಲ್ಲಿ ಎಐ ಬಳಸುತ್ತಿದ್ದೇನೆ. ಪಾಠದ ಹೆಸರು, ಮಕ್ಕಳಿಗೆ ಎಲ್ಲಿ ತೊಡಕು ಅಂತ ಬರೆದರೆ ಸಾಕು, ಮೂರು ಹಂತದ ಲೆಕ್ಕ ಉತ್ತರದ ಸಮೇತ ಬರುತ್ತದೆ. ಪಠ್ಯಪುಸ್ತಕದಲ್ಲಿ 'ಭಿನ್ನರಾಶಿ' ಅಂತಿದ್ದರೆ ಅದು 'ಭಿನ್ನಾಂಕ' ಅನ್ನುತ್ತದೆ. ಅದನ್ನೆಲ್ಲ ತಿದ್ದಿ, ಜೆರಾಕ್ಸ್ ಮಾಡಿಸಿ ಕೊಡುತ್ತೇನೆ.

ಶೇಕಡಾ ಪಾಠಕ್ಕೆ ಬಂದಾಗ ಸೇಬು, ರೈಲಿನ ಲೆಕ್ಕ ಬೇಡ, ಮಂಡ್ಯದ ಮಕ್ಕಳಿಗೆ ಗೊತ್ತಿರುವ ಆಲೆಮನೆಯ ಲೆಕ್ಕ ಕೊಡು ಅಂತ ಕೇಳಿದೆ. ಕೊಟ್ಟಿತು. 'ಒಂದು ಆಲೆಮನೆಯಲ್ಲಿ 2 ಟನ್ ಕಬ್ಬಿನಿಂದ 900 ಕೆ.ಜಿ. ಬೆಲ್ಲ ಬಂದಿತು. ಬೆಲ್ಲದ ಪ್ರಮಾಣ ಶೇಕಡಾ ಎಷ್ಟು?' ಉತ್ತರ 45. ನಾನು ಪೆನ್ಸಿಲ್ ಹಿಡಿದು ಭಾಗಿಸಿ ನೋಡಿದೆ. ಸರಿಯಾಗಿತ್ತು. ಹಂಚಿದೆ.

ಹೆಚ್ಚಿನವರು 45 ಅಂತ ಬರೆದರು. ಕೊನೆಯ ಸಾಲಿನ ಒಬ್ಬ ಹುಡುಗ ಏನೂ ಬರೆಯದೆ ಕೂತಿದ್ದ. ಭಾಗಾಕಾರ ಬಾರದ ಗುಂಪಿನವನು, ಕ್ಲಾಸಿನಲ್ಲಿ ಬಾಯಿ ಬಿಟ್ಟಿದ್ದೇ ಕಡಿಮೆ. ಹತ್ತಿರ ಹೋಗಿ ಯಾಕಪ್ಪಾ ಅಂದೆ. "ಮಿಸ್, ಈ ಲೆಕ್ಕ ಸುಳ್ಳು. ಎರಡು ಟನ್‌ಗೆ ಅಷ್ಟು ಬೆಲ್ಲ ಎಲ್ಲಿ ಬತ್ತದೆ? ಟನ್‌ಗೆ ಒಂದು ಕ್ವಿಂಟಾಲ್ ಬತ್ತದೆ. ಕಬ್ಬು ಚೆನ್ನಾಗಿದ್ರೆ ಇನ್ನೊಂದು ಹತ್ತಿಪ್ಪತ್ತು ಕೇಜಿ" ಅಂದ. ಅವನ ಅಪ್ಪ ಆಲೆಮನೆಯಲ್ಲಿ ಕೊಪ್ಪರಿಗೆ ನೋಡಿಕೊಳ್ಳುವವರು.

ಅವತ್ತು ಹಂಚಿದ್ದ ಹಾಳೆ ಬದಿಗಿಟ್ಟು ಅವನನ್ನೇ ಬೋರ್ಡಿನ ಹತ್ತಿರ ಕರೆದೆ. ಅವನು ಹೇಳುತ್ತಾ ಹೋದ, ನಾನು ಬರೆಯುತ್ತಾ ಹೋದೆ. ಸಾವಿರ ಕೆ.ಜಿ. ಕಬ್ಬು ಗಾಣಕ್ಕೆ ಕೊಟ್ಟರೆ ಸುಮಾರು 600 ಕೆ.ಜಿ. ಹಾಲು. ಮಿಕ್ಕಿದ್ದು ಸಿಪ್ಪೆ, ಅದು ಒಣಗಿದ ಮೇಲೆ ಒಲೆಗೆ ಉರಿ. ಹಾಲು ಕಾಯಿಸಿ ಇಳಿಸಿದರೆ ಬೆಲ್ಲ 110 ಕೆ.ಜಿ. ಆಸುಪಾಸು. ಹಾಗಾದರೆ ಉಳಿದ 490 ಕೆ.ಜಿ. ಎಲ್ಲಿ ಹೋಯಿತು ಅಂತ ಕೇಳಿದೆ. ಇಡೀ ಕ್ಲಾಸು "ಆವಿ" ಅಂತ ಕೂಗಿತು. ಅವನೊಬ್ಬ ಮಾತ್ರ "ಆವಿ ಒಂದೇ ಅಲ್ಲ ಮಿಸ್, ಮೇಲೆ ತೇಲೋ ಕೊಳೆಯನ್ನೂ ತೆಗೀತಾರೆ" ಅಂದ. ಕಬ್ಬಿನಲ್ಲಿ ಬೆಲ್ಲ ಶೇಕಡಾ ಎಷ್ಟು, ಹಾಲಿನಲ್ಲಿ ಶೇಕಡಾ ಎಷ್ಟು? ಒಂದೇ 110 ಕೆ.ಜಿ.ಗೆ ಮೊದಲನೆಯದು 11, ಎರಡನೆಯದು 18 ದಾಟುತ್ತದೆ. ಶೇಕಡಾ ಅನ್ನುವುದು ಯಾವುದಕ್ಕೆ ಹೋಲಿಸಿ ಹೇಳುವ ಮಾತು ಅನ್ನೋದು ಎಷ್ಟೋ ಮಕ್ಕಳಿಗೆ ಅವತ್ತು ತಲೆಗೆ ಹೋಯಿತು. ವರ್ಷಗಟ್ಟಲೆ ಈ ಪಾಠ ಮಾಡಿದ್ದೇನೆ, ಇಷ್ಟು ಸಲೀಸಾಗಿ ಯಾವತ್ತೂ ಹೋಗಿರಲಿಲ್ಲ.

ತಪ್ಪು ನನ್ನದೂ ಹೌದು. ಉತ್ತರ ಸರಿಯಿದೆಯಾ ಅಂತ ನೋಡಿದೆ, ಪ್ರಶ್ನೆ ಸರಿಯಿದೆಯಾ ಅಂತ ನೋಡಲಿಲ್ಲ. ಈ ಎಐ ಅನ್ನುವುದು ಬರಹಗಳನ್ನು ಓದಿ ಓದಿ ಯಾವ ಮಾತಿನ ಮುಂದೆ ಯಾವ ಮಾತು ಬರುತ್ತದೆ ಅನ್ನುವುದನ್ನು ಕಲಿತಿರುವುದು. ಅದು ಕೊಪ್ಪರಿಗೆಯ ಮುಂದೆ ನಿಂತಿಲ್ಲ, ತಕ್ಕಡಿ ಹಿಡಿದಿಲ್ಲ. ಆಲೆಮನೆಯ ಬಗ್ಗೆ ಕನ್ನಡದಲ್ಲಿ ಬರೆದಿಟ್ಟಿರುವುದೂ ಕಡಿಮೆ. ಗೊತ್ತಿಲ್ಲದ ಕಡೆ ತಡವರಿಸುವುದಿಲ್ಲ, ಗೊತ್ತಿರುವಷ್ಟೇ ನಯವಾಗಿ ಬರೆದುಬಿಡುತ್ತದೆ. ನಮ್ಮ ಮಕ್ಕಳು ಅಚ್ಚಾದ ಹಾಳೆಯನ್ನು ನಂಬುತ್ತಾರೆ. ಇದು ನನಗೆ ತುಂಬಾ ಚಿಂತೆಯ ವಿಷಯ.

ಹಾಗಂತ ಬಿಟ್ಟಿಲ್ಲ. ಬಿಡುವ ಮನಸ್ಸೂ ಇಲ್ಲ. ಒಬ್ಬ ಹುಡುಗಿ 402ರಲ್ಲಿ 178 ಕಳೆದು 376 ಅಂತ ಬರೆದಿದ್ದಳು. ಸುಮ್ನೆ ಕೆಂಪು ಗೆರೆ ಎಳೆಯುವ ಬದಲು, ಮಗು ಹೇಗೆ ಯೋಚಿಸಿದರೆ ಈ ಉತ್ತರ ಬರುತ್ತದೆ ಅಂತ ಎಐಯನ್ನು ಕೇಳಿದೆ. ಮೇಲೆ ಕೆಳಗೆ ನೋಡದೆ ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿರಬಹುದು ಅಂತ ಹೇಳಿತು. ಮರುದಿನ ಅವಳನ್ನೇ ಕೇಳಿದರೆ, "ಸೊನ್ನೇಲಿ ಏಳು ಹೋಗಲ್ವಲ್ಲ ಮಿಸ್, ಅದ್ಕೆ ಏಳರಲ್ಲಿ ಸೊನ್ನೆ ಕಳ್ದೆ" ಅಂದಳು. ಇದನ್ನು ಹಿಡಿಯುವ ಐದು ಲೆಕ್ಕ ಮಾಡಿಸಿದೆ. ಇನ್ನೂ ಮೂವರಲ್ಲಿ ಅದೇ ತಪ್ಪು ಸಿಕ್ಕಿತು. ಒಂದು ವಾರ ದಶಕ ತರುವುದನ್ನು ಕಡ್ಡಿ ಕಟ್ಟು ಇಟ್ಟುಕೊಂಡು ಮೊದಲಿನಿಂದ ಮಾಡಿದೆವು.

ಮಕ್ಕಳ ಹೆಸರನ್ನು ಎಐನಲ್ಲಿ ಹಾಕುವುದಿಲ್ಲ. ಫೋನನ್ನೂ ಅವರ ಕೈಗೆ ಕೊಡುವುದಿಲ್ಲ. ಕ್ಲಾಸಿನಲ್ಲಿ ಇಂಥ ಎಐ ಬಳಸಲು ಕನಿಷ್ಠ 13 ವರ್ಷ ಆಗಿರಬೇಕು ಅಂತ ಯುನೆಸ್ಕೋ 2023ರ ಮಾರ್ಗಸೂಚಿಯಲ್ಲಿ ಹೇಳಿದೆ. ನನ್ನ ಮಕ್ಕಳಿಗೆ ಇನ್ನೂ 12.

ಈಗ ಪ್ರತಿ ಹಾಳೆಯ ತುದಿಯಲ್ಲಿ ಒಂದು ಪ್ರಶ್ನೆ ಇರುತ್ತದೆ: 'ಈ ಲೆಕ್ಕ ನಮ್ಮೂರಲ್ಲಿ ನಡೆಯುತ್ತಾ?' ಹೌದು ಅಂದರೂ, ಇಲ್ಲ ಅಂದರೂ ಕಾರಣ ಬರೆಯಬೇಕು. ಜೊತೆಗೆ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಭತ್ತ ಎಕರೆಗೆ ಎಷ್ಟು ಮೂಟೆ, ಹಸು ಹೊತ್ತಿಗೆ ಎಷ್ಟು ಲೀಟರ್, ಡೈರಿಯಲ್ಲಿ ಲೀಟರಿಗೆ ಎಷ್ಟು, ಮನೆಯಲ್ಲಿ ಕೇಳಿಕೊಂಡು ಬಂದು ಅವರೇ ಬರೆಯುತ್ತಾರೆ. ನಾನು ಆ ಅಂಕಿಗಳನ್ನು ಎಐಗೆ ಕೊಟ್ಟು ಲೆಕ್ಕ ಕೇಳುತ್ತೇನೆ. ಹಾಳೆ ಎಷ್ಟೋ ಸುಧಾರಿಸಿದೆ.

ಆಲೆಮನೆಯ ಲೆಕ್ಕ ಹೇಳಿದ ಆ ಹುಡುಗ ಹೋದ ವಾರ ನೋಟ್‌ಬುಕ್ಕಿನಲ್ಲಿ ತಾನೇ ಒಂದು ಲೆಕ್ಕ ಬರೆದಿದ್ದಾನೆ. 'ಕಡಿದ ಕಬ್ಬು ಎರಡು ದಿನ ಬಿಸಿಲಲ್ಲಿ ಬಿದ್ದಿದ್ದರೆ ತೂಕ ಶೇಕಡಾ ಎಷ್ಟು ಇಳಿಯುತ್ತದೆ?' ಉತ್ತರದ ಜಾಗ ಖಾಲಿ ಬಿಟ್ಟಿದ್ದಾನೆ. ಇವತ್ತು ಬೆಳಿಗ್ಗೆ ಐದು ಜಲ್ಲೆ ಹೊತ್ತುಕೊಂಡು ಬಂದ. ಬಿಸಿಯೂಟದ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ತೂಕ ಬರೆದುಕೊಂಡು, ಶಾಲೆಯ ಮಹಡಿ ಮೇಲೆ ಹರಡಿದ್ದೇವೆ. ನಾಡಿದ್ದು ಮತ್ತೆ ತೂಗಬೇಕು.