ಕೆಲಸ ಮುಗಿದ ಮೇಲೆ ಕಣ ಎಲ್ಲಿಗೆ?

ಶಿರಸಿ ಸೀಮೆಯ ಅಡಿಕೆ ತೋಟಗಳಿಂದ ಬಂದ ನಮಗೆ ತಾಮ್ರದ ಲವಣವಾದ ಮೈಲುತುತ್ತದ ನೀಲಿ ಹೊಸತಾಗಿರಲಿಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಹೊಳೆಯುವ ಕತ್ತಿಯನ್ನು ಅದ್ದಿದಾಗ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಮದ್ದಿನ ಈ ಪಾಕವನ್ನು ಮನೆಯಲ್ಲೇ ಕಲಿತಿದ್ದೆವು. ಜೈವಿಕ ತಂತ್ರಜ್ಞಾನದ ನಮ್ಮ ಪ್ರಾಧ್ಯಾಪಕರು ನ್ಯಾನೊ ವಸ್ತುಗಳ ಪಾಠವನ್ನು ಶುರು ಮಾಡಿದ್ದೂ ಅಲ್ಲಿಂದಲೇ.

ಒಂದು ಸೆಂಟಿಮೀಟರಿನ ಘನವನ್ನು ಒಂದೊಂದು ನ್ಯಾನೊಮೀಟರಿನ (ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು) ಘನಗಳಾಗಿ ಕತ್ತರಿಸಿದರೆ ಮೇಲ್ಮೈ ಎಷ್ಟಾದೀತು ಎಂದು ಕೇಳಿ, ತಾವೇ ಬೋರ್ಡಿನ ಮೇಲೆ ಲೆಕ್ಕ ಬಿಡಿಸಿದರು. 6 ಚದರ ಸೆಂಟಿಮೀಟರ್ ಇದ್ದದ್ದು 6,000 ಚದರ ಮೀಟರ್ ಆಯಿತು. ಹೆಚ್ಚುಕಡಿಮೆ ಒಂದೂವರೆ ಎಕರೆ ತೋಟ! ವರ್ಷವೂ ಸಿಂಪಡಿಸುವ ತಾಮ್ರ ಮಣ್ಣಿನಲ್ಲೇ ಉಳಿದು ಕೂಡುತ್ತ ಹೋಗುತ್ತದೆ. ಕಣ ಚಿಕ್ಕದಾಗಿ ಮೇಲ್ಮೈ ಹೀಗೆ ಹೆಚ್ಚಾದರೆ ಕಡಿಮೆ ತಾಮ್ರದಲ್ಲೇ ಕೊಳೆಯನ್ನು ತಡೆಯಬಹುದೇ ಎಂಬುದು ಅವರ ಸಂಶೋಧನೆಯ ಪ್ರಶ್ನೆ.

ಪ್ರಯೋಗಾಲಯದಲ್ಲಿ ತುಳಸಿ ಎಲೆಯ ಕಷಾಯಕ್ಕೆ ಸಿಲ್ವರ್ ನೈಟ್ರೇಟ್ ಬೆರೆಸಿದಾಗ ತಿಳಿ ದ್ರಾವಣ ಹಳದಿಯಾಗಿ, ನಿಧಾನವಾಗಿ ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಬೆಳ್ಳಿಯ ನ್ಯಾನೊ ಕಣಗಳು ಹುಟ್ಟಿದ ಗುರುತು ಅದು. ಆ ಬಣ್ಣ ಕಂಡ ಖುಷಿಯನ್ನು ನಾನಿನ್ನೂ ಮರೆತಿಲ್ಲ. ಉಳಿದ ದ್ರಾವಣವನ್ನು ಮಾತ್ರ ಸಿಂಕಿಗೆ ಸುರಿಯುವಂತಿರಲಿಲ್ಲ. ಫ್ಲಾಸ್ಕ್ ತೊಳೆದ ಮೊದಲ ನೀರನ್ನೂ ಕಂದು ಬಾಟಲಿಯಲ್ಲಿ ಶೇಖರಿಸಬೇಕಿತ್ತು. "ನಮ್ಮ ಊರಿನ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿ ಸಮುದ್ರ ಸೇರುವ ತದಡಿಗೆ ಹೋಗುತ್ತಾಳೆ ತಮ್ಮಾ. ಅಲ್ಲಿನ ಚಿಪ್ಪಿಗಳು ನೀರು ಸೋಸಿಯೇ ಬದುಕುವುದು," ಎನ್ನುತ್ತಿದ್ದರು ಸರ್. ಬೆಳ್ಳಿ ಸೂಕ್ಷ್ಮಾಣುಗಳನ್ನು ಕೊಲ್ಲುವಾಗ ಒಳ್ಳೆಯವು, ಕೆಟ್ಟವು ಎಂದು ಆರಿಸುವುದಿಲ್ಲವಲ್ಲ.

ಔಷಧಿಯ ಪಾಠದಲ್ಲೂ ಅದೇ ವಿಚಾರಣೆ: ಕೆಲಸ ಮುಗಿದ ಮೇಲೆ ಕಣ ಎಲ್ಲಿಗೆ? 1995ರಲ್ಲಿ ಅಮೆರಿಕದಲ್ಲಿ ಮಂಜೂರಾದ ಡಾಕ್ಸಿಲ್, ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಔಷಧಿಯನ್ನು ಸುಮಾರು 100 ನ್ಯಾನೊಮೀಟರಿನ ಕೊಬ್ಬಿನ ಗುಳ್ಳೆಯಲ್ಲಿ ತುಂಬಿದ್ದು. ಹೃದಯಕ್ಕೆ ಆಗುವ ಹಾನಿ ತಗ್ಗಿತು. ಆದರೆ ಕೆಲವರಿಗೆ ಅಂಗೈ, ಅಂಗಾಲು ಕೆಂಪಾಗಿ ಸುಲಿಯತೊಡಗಿತು. ಗುರಿ ಮುಟ್ಟದ ಕಣಗಳಲ್ಲಿ ಬಹುಪಾಲನ್ನು ಪಿತ್ತಜನಕಾಂಗ ಮತ್ತು ಗುಲ್ಮ ಹಿಡಿದಿಡುತ್ತವೆ. ಕಣ ಎಲ್ಲಿ ಕೆಲಸ ಮಾಡಿತು ಎಂದಷ್ಟೇ ಬರೆದ ಉತ್ತರಕ್ಕೆ ಸರ್ ಅರ್ಧ ಅಂಕ ಕೊಡುತ್ತಿದ್ದರು. ಮುಂದೆ ಅದು ಎಲ್ಲಿಗೆ ಹೋಯಿತು ಎಂಬುದಕ್ಕೆ ಉಳಿದರ್ಧ. ಅಂಥ ಕಟ್ಟುನಿಟ್ಟು ಸರಿಯೆಂದೇ ನನ್ನ ನಂಬಿಕೆ. ಔಷಧಿ ಕಂಪನಿಯಲ್ಲಿ ಕೆಲಸ ಮಾಡುವ ನಾನು ಯಾವ ವರದಿ ಕೈಗೆ ಬಂದರೂ ಆ ಉಳಿದರ್ಧವನ್ನೇ ಮೊದಲು ಹುಡುಕುತ್ತೇನೆ.

ಈಗಿನ ವಿದ್ಯಾರ್ಥಿಗಳಲ್ಲಿ ಯಾರಾದರೂ ತೋಟದ ಮಣ್ಣಿನ ತಾಮ್ರವನ್ನು ಅಳೆಯುವ ಪ್ರಾಜೆಕ್ಟ್ ಕೈಗೊಳ್ಳುವುದಾದರೆ, ತಲೆಮಾರುಗಳಿಂದ ಕೊಳೆ ಮದ್ದು ಬಿದ್ದ ನಮ್ಮ ತೋಟದ ಮಣ್ಣನ್ನು ಸಂತೋಷದಿಂದ ಕೊಡುತ್ತೇನೆ.