ಮೇಲಕ್ಕೆ ಕಳಿಸಿದ ಟಿಕೆಟ್‌ಗಳು

2022ರ ಜುಲೈ. ಶಿರಸಿಯಲ್ಲಿ ವಾರದಿಂದ ಬಿಡದೆ ಮಳೆ. ರಾತ್ರಿಯೆಲ್ಲ ವಿದ್ಯುತ್ ಇರಲಿಲ್ಲ. ಯುಪಿಎಸ್ ತನ್ನಿಂದಾದಷ್ಟು ಹೊತ್ತು ಎಳೆದು ಸುಮ್ಮನಾಗಿತ್ತು. ಬೆಳಿಗ್ಗೆ ಕರೆಂಟ್ ಬಂದು, ನಾನು ಹೆಲ್ಪ್ ಡೆಸ್ಕ್‌ನ ಕುರ್ಚಿಯಲ್ಲಿ ಕೂರುವ ಮೊದಲೇ ಫೋನ್ ಹೊಡೆದುಕೊಳ್ಳುತ್ತಿತ್ತು. ಸಿದ್ದಾಪುರ ಶಾಖೆ, ಯಲ್ಲಾಪುರ ಶಾಖೆ, ಆಮೇಲೆ ನಮ್ಮದೇ ಕೆಳ ಮಹಡಿಯ ಲೆಕ್ಕಪತ್ರ ವಿಭಾಗ. ಎಲ್ಲರ ದೂರೂ ಒಂದೇ: ಪಾಸ್‌ವರ್ಡ್ ತೆಗೆದುಕೊಳ್ಳುತ್ತಿಲ್ಲ.

ನಾಲ್ಕು ವರ್ಷದಿಂದ ನಾನು ಮಾಡುತ್ತಿದ್ದ ಕೆಲಸವೇ ಅದು, ಪಾಸ್‌ವರ್ಡ್ ಬದಲಿಸಿ ಕೊಡುವುದು. ಅಂದು ನನ್ನ ಕಂಪ್ಯೂಟರಿನಲ್ಲಿ ಅದನ್ನು ಬದಲಿಸುವ ಪರದೆಯೇ ತೆರೆಯಲಿಲ್ಲ. ಅಷ್ಟರಲ್ಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಸರ್ವರ್ ಕೋಣೆಯ ಕೀಲಿ ತೆಗೆದುಕೊಂಡು ಹೋಗಿ, ಸರ್ವರಿನ ಪರದೆಯ ಮುಂದೆಯೇ ಕುಳಿತು, ಒಬ್ಬೊಬ್ಬರದೇ ಪಾಸ್‌ವರ್ಡ್ ಬದಲಿಸತೊಡಗಿದೆ. ಎರಡು ಗಂಟೆ ಕಳೆಯಿತು. ಬದಲಿಸಿಕೊಂಡವರೇ ಮತ್ತೆ ಫೋನ್ ಮಾಡಿದರು.

ಸರ್ವರ್ ನೋಡಿಕೊಳ್ಳುತ್ತಿದ್ದ ಹಿರಿಯರು ಆ ದಿನ ಕುಮಟಾದಲ್ಲಿದ್ದರು, ದೇವಿಮನೆ ಘಟ್ಟದ ಆಚೆ. ಫೋನಿನಲ್ಲಿ ನನ್ನ ಪುರಾಣವನ್ನೆಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ತಮ್ಮಾ, ಪರದೆಯ ಕೆಳಗೆ ಬಲಮೂಲೆಯಲ್ಲಿ ಇಸವಿ ಎಷ್ಟಿದೆ, ಓದು ನೋಡೋಣ."

2012 ಎಂದಿತ್ತು. ಎರಡು ಗಂಟೆಯಿಂದ ನನ್ನ ಕಣ್ಣೆದುರೇ ಇತ್ತು.

ಮದರ್‌ಬೋರ್ಡಿನಲ್ಲಿ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ, ಸಿಆರ್ 2032. ಅದು ಸತ್ತಿತ್ತು. ವಿದ್ಯುತ್ ಪೂರ್ತಿ ಹೋದಾಗ ಸರ್ವರ್ ಗಡಿಯಾರ ಹತ್ತು ವರ್ಷ ಹಿಂದೆ ಓಡಿತ್ತು. ವಿಂಡೋಸ್ ಡೊಮೇನ್‌ನಲ್ಲಿ, ಎಂದರೆ ಎಲ್ಲರ ಖಾತೆಗಳನ್ನೂ ಒಂದೆಡೆ ಇಟ್ಟು ನಡೆಸುವ ಕಂಪ್ಯೂಟರುಗಳ ಜಾಲದಲ್ಲಿ, ಯಾರು ಯಾರೆಂದು ಗುರುತಿಸುವ ಕರ್ಬರೋಸ್ ವ್ಯವಸ್ಥೆ ಎರಡು ಯಂತ್ರಗಳ ಗಡಿಯಾರಗಳ ನಡುವೆ ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚಿನ ಅಂತರವನ್ನು ಸಹಿಸುವುದಿಲ್ಲ. ಇಂಟರ್‌ನೆಟ್‌ನಿಂದ ಸಮಯ ಸರಿಪಡಿಸಿಕೊಳ್ಳಬಾರದಿತ್ತೇ ಎಂದರೆ, ಆ ಖಾತೆಗಳನ್ನು ನೋಡಿಕೊಳ್ಳುವ ಡೊಮೇನ್ ಕಂಟ್ರೋಲರ್ ಎಂಬ ಸರ್ವರ್ 48 ಗಂಟೆಗೂ ಮೀರಿದ ವ್ಯತ್ಯಾಸ ಕಂಡರೆ ತಾನಾಗಿ ತಿದ್ದಿಕೊಳ್ಳುವುದಿಲ್ಲ; ಮೈಕ್ರೋಸಾಫ್ಟ್ ಅದನ್ನು ಹಾಗೆಯೇ ಕಟ್ಟಿದೆ. (ಅಷ್ಟು ಶಾಖೆಗಳಿಗೆ ಒಂದೇ ಡೊಮೇನ್ ಕಂಟ್ರೋಲರ್ ಇಟ್ಟುಕೊಂಡಿದ್ದು ಬೇರೆಯೇ ಕಥೆ. ಅದನ್ನು ಇಲ್ಲಿ ಎತ್ತುವುದಿಲ್ಲ.) ದೇವಿಕೆರೆಯ ಹತ್ತಿರ ಕೈಗಡಿಯಾರ ರಿಪೇರಿ ಮಾಡುವವರ ಅಂಗಡಿಯಿಂದ ಬ್ಯಾಟರಿ ತಂದು ಹಾಕಿದ ಮೇಲೆ, ಗಡಿಯಾರ ತಿದ್ದಿದ ಮೇಲೆ, ಎಲ್ಲರೂ ಒಳಗೆ ಹೋದರು. ನಾನು ಬದಲಿಸಿದ್ದ ಹೊಸ ಪಾಸ್‌ವರ್ಡ್ ಮರೆತವರನ್ನು ಬಿಟ್ಟು.

ಅಷ್ಟರಲ್ಲಾಗಲೇ ನನ್ನ ಹೆಸರಿನಲ್ಲಿ ಒಂದು ಸರ್ಟಿಫಿಕೇಟ್ ಇತ್ತು ಎನ್ನುವುದೇ ತಮಾಷೆ. ಸರ್ವರ್ ವಿಭಾಗಕ್ಕೆ ಹೋಗಬೇಕೆಂಬ ಆಸೆ ನನಗೆ ಮೊದಲಿನಿಂದ ಇತ್ತು. ಬೆಂಗಳೂರಿನಲ್ಲಿರುವ ದೊಡ್ಡಪ್ಪನ ಮಗ ಮೈಕ್ರೋಸಾಫ್ಟ್‌ನ ಎಂಸಿಎಸ್‌ಎ ಎಂಬ ಸರ್ಟಿಫಿಕೇಟಿಗೆ ಓದಿದ್ದ ತನ್ನ ಹಳೆಯ ಪುಸ್ತಕಗಳನ್ನು ಕೊಟ್ಟಿದ್ದ. ಅರ್ಧ ಓದಿದ್ದೆ, 2021ರ ಜನವರಿ 31ಕ್ಕೆ ಮೈಕ್ರೋಸಾಫ್ಟ್ ಆ ಪರೀಕ್ಷೆಯನ್ನೇ ನಿಲ್ಲಿಸಿತು. ಎಲ್ಲರೂ ಈಗ ಕ್ಲೌಡ್ (ಇಂಟರ್‌ನೆಟ್ ಮೂಲಕ ಬಾಡಿಗೆಗೆ ಸಿಗುವ ಸರ್ವರ್) ಎನ್ನುತ್ತಿದ್ದಾರೆ ಎಂದು ಮೈಕ್ರೋಸಾಫ್ಟ್‌ನದೇ ಎಜೆಡ್-900 ಬರೆದೆ. ಪಾಸಾದೆ. ಕ್ಲೌಡ್ ಎಂದರೇನು, ಅದಕ್ಕೆ ಬಾಡಿಗೆ ಹೇಗೆ ಎಂದು ತಿಳಿಸುವ ಪ್ರಾಥಮಿಕ ಪರೀಕ್ಷೆ ಅದು. ನಮ್ಮ ಕಚೇರಿಯಲ್ಲಿ ಕ್ಲೌಡ್ ಎಂದರೆ ಕಿಟಕಿಯ ಹೊರಗೆ ಕಾಣುತ್ತಿದ್ದುದು ಮಾತ್ರ. ಆಯಿ ಆ ಕಾಗದಕ್ಕೆ ಚೌಕಟ್ಟು ಹಾಕಿಸಿದರು. ಸತ್ತ ಬ್ಯಾಟರಿಯ ಮುಂದೆ ಅದು ಏನು ಮಾಡೀತು?

ಕುಮಟಾದಿಂದ ಬಂದ ಮೇಲೆ ಹಿರಿಯರು ಬೈಯಲಿಲ್ಲ. ಕವಳ ಹಾಕಿಕೊಂಡು, "ಯಾವ ಪರೀಕ್ಷೆ ಬರೆಯಲಿ ಎಂದು ಇಂಟರ್‌ನೆಟ್ ಅನ್ನು ಕೇಳುತ್ತೀಯಲ್ಲ, ನಿನ್ನ ಟಿಕೆಟ್‌ಗಳನ್ನು ಕೇಳಿದ್ದೀಯಾ?" ಎಂದರು. ಟಿಕೆಟ್ ಎಂದರೆ ಹೆಲ್ಪ್ ಡೆಸ್ಕ್‌ಗೆ ಬಂದ ಒಂದೊಂದು ದೂರಿನ ದಾಖಲೆ. ಆ ರಾತ್ರಿ, ಒಂದು ವರ್ಷದಲ್ಲಿ ನನ್ನ ಕೈಮೀರಿ ಅವರಿಗೆ ಕಳಿಸಿದ್ದ ಟಿಕೆಟ್‌ಗಳನ್ನೆಲ್ಲ ಹೊರತೆಗೆದು ನೋಟ್‌ಬುಕ್‌ನಲ್ಲಿ ಬರೆಯುತ್ತಾ ಹೋದೆ. ಖಾತೆ ಲಾಕ್ ಆಗುವುದು, ಗ್ರೂಪ್ ಪಾಲಿಸಿ (ಸರ್ವರಿನಿಂದ ಎಲ್ಲ ಕಂಪ್ಯೂಟರುಗಳಿಗೆ ಹೋಗುವ ನಿಯಮಗಳು) ತಲುಪದಿರುವುದು, ಶಾಖೆಯಿಂದ ಸರ್ವರ್ ಹೆಸರು ಸಿಗದಿರುವುದು, ಡಿಸ್ಕ್ ತುಂಬಿ ಡೇಟಾಬೇಸ್ ನಿಲ್ಲುವುದು, ಬ್ಯಾಕಪ್‌ನಿಂದ ಕಡತ ವಾಪಸ್ ಬೇಕೆನ್ನುವುದು. ನಾಲ್ಕೈದು ಗುಂಪಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ಮುಗಿದವು. ಮೊದಲ ಮೂರು ವಿಂಡೋಸ್ ಡೊಮೇನ್ ಮತ್ತು ಡಿಎನ್‌ಎಸ್, ಎಂದರೆ ಯಂತ್ರದ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ವ್ಯವಸ್ಥೆ. ಡೇಟಾಬೇಸ್ ಇದ್ದದ್ದು ವಿಂಡೋಸ್‌ನಂತೆಯೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್ ಮೇಲೆ. ಕ್ಲೌಡ್ ಒಂದೂ ಇಲ್ಲ.

ಆ ಪುಟವನ್ನು ಪಕ್ಕದಲ್ಲಿಟ್ಟುಕೊಂಡು ಪಠ್ಯಕ್ರಮಗಳನ್ನು ಓದಿದಾಗ ಆಯ್ಕೆ ತಾನಾಗಿ ಆಯಿತು. ಕಾಂಪ್‌ಟಿಯಾ ಎಂಬ ಐಟಿ ಪರೀಕ್ಷಾ ಸಂಸ್ಥೆಯ ಎ ಪ್ಲಸ್ ಎರಡು ಪರೀಕ್ಷೆಗಳ ಸರ್ಟಿಫಿಕೇಟ್. ಹೆಲ್ಪ್ ಡೆಸ್ಕ್‌ಗೆ ಸೇರುವವರಿಗೆ ಒಳ್ಳೆಯದು, ನಾಲ್ಕು ವರ್ಷ ಅದನ್ನೇ ಮಾಡಿದವನಿಗೆ ದುಡ್ಡು ದಂಡ. ಅವರದೇ ನೆಟ್‌ವರ್ಕ್ ಪ್ಲಸ್‌ನ ಪಠ್ಯವನ್ನು ಓದಿದೆ, ಪರೀಕ್ಷೆ ಬರೆಯಲಿಲ್ಲ. ಶುಲ್ಕ ಉಳಿಯಿತು, ಡಿಎನ್‌ಎಸ್ ತಲೆಗೆ ಹೋಯಿತು. ಸರ್ವರ್ ಪ್ಲಸ್ ನನಗೆ ನಿಜಕ್ಕೂ ಇಷ್ಟವಾಗಿತ್ತು: ರೇಡ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸುವ ವಿಧಾನ), ವಿದ್ಯುತ್, ಬಿಸಿ, ರ‍್ಯಾಕ್ ಎಲ್ಲ ಅದರಲ್ಲಿದೆ, ಒಮ್ಮೆ ಪಾಸಾದರೆ ಅವಧಿ ಮುಗಿಯುವುದೂ ಇಲ್ಲ. ಆದರೆ ಕಾರವಾರದಿಂದ ಹುಬ್ಬಳ್ಳಿಯವರೆಗೆ ನಾನು ನೋಡಿದ ಯಾವ ಉದ್ಯೋಗ ಜಾಹೀರಾತಿನಲ್ಲೂ ಅದರ ಹೆಸರಿರಲಿಲ್ಲ. ಉಳಿದದ್ದು ಎರಡು. ವಿಂಡೋಸ್ ಸರ್ವರ್‌ಗೆ ಎಜೆಡ್-800 ಮತ್ತು 801, ಎರಡನ್ನೂ ದಾಟಿದರಷ್ಟೇ ಸರ್ಟಿಫಿಕೇಟ್; ಒಂದೇ ವರ್ಷದ ಅವಧಿ, ನವೀಕರಣ ಆನ್‌ಲೈನ್‌ನಲ್ಲಿ ಉಚಿತ. ಲಿನಕ್ಸ್‌ಗೆ, ಅದರದೊಂದು ಆವೃತ್ತಿಯನ್ನು ತಯಾರಿಸುವ ರೆಡ್ ಹ್ಯಾಟ್ ಕಂಪನಿಯ ಆರ್‌ಎಚ್‌ಸಿಎಸ್‌ಎ ಪರೀಕ್ಷೆ.

ಓದಿಗಿಂತ ಹೆಚ್ಚು ಕಲಿಸಿದ್ದು ಮನೆಯ ಹಳೆಯ ಡೆಸ್ಕ್‌ಟಾಪ್. ಅದಕ್ಕೆ 16 ಜಿಬಿ ರ‍್ಯಾಮ್ ಹಾಕಿಸಿ, ಒಳಗೆ ಮೂರು ನಾಲ್ಕು ವರ್ಚುವಲ್ ಯಂತ್ರಗಳನ್ನು, ಎಂದರೆ ಒಂದೇ ಕಂಪ್ಯೂಟರಿನಲ್ಲಿ ಬೇರೆ ಬೇರೆ ಕಂಪ್ಯೂಟರುಗಳಂತೆ ನಡೆಯುವವನ್ನು, ಎಬ್ಬಿಸಿದೆ. ವಿಂಡೋಸ್ ಸರ್ವರ್‌ನ ಪರೀಕ್ಷಾರ್ಥ ಪ್ರತಿ 180 ದಿನ ಉಚಿತವಾಗಿ ನಡೆಯುತ್ತದೆ. ರೆಡ್ ಹ್ಯಾಟ್ ಕೂಡ ಒಬ್ಬ ವ್ಯಕ್ತಿಗೆ 16 ಯಂತ್ರಗಳವರೆಗೆ ಉಚಿತ ಚಂದಾ ಕೊಡುತ್ತದೆ. ನೋಟ್‌ಬುಕ್‌ನ ಒಂದೊಂದು ಟಿಕೆಟ್ಟನ್ನೂ ಅಲ್ಲಿ ಬೇಕೆಂದೇ ಹಾಳು ಮಾಡಿ ಸರಿಪಡಿಸಿದೆ. ಗಡಿಯಾರವನ್ನು 2012ಕ್ಕೆ ತಿರುಗಿಸಿದ್ದು ಮೊದಲನೆಯದು.

ಆರ್‌ಎಚ್‌ಸಿಎಸ್‌ಎಯಲ್ಲಿ ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕುವ ಪ್ರಶ್ನೆಗಳಿಲ್ಲ. ಯಂತ್ರ ಕೊಡುತ್ತಾರೆ, ಕೆಲಸ ಮಾಡಿ ತೋರಿಸಬೇಕು. 300ಕ್ಕೆ 210 ಬಂದರೆ ಪಾಸು. ಮಾಡಿದ್ದೆಲ್ಲ ಯಂತ್ರ ರೀಬೂಟ್ ಆದ ಮೇಲೂ ನಿಂತಿರಬೇಕೆಂಬುದು ಅದರ ಷರತ್ತು. ಇದಕ್ಕೆ ನಮ್ಮೂರಿನ ಮಳೆಗಾಲದಂಥ ಮೇಷ್ಟ್ರು ಇನ್ನೆಲ್ಲಿ ಸಿಗುತ್ತಾರೆ? ಡಿಸ್ಕ್ ಸೇರಿಸಿ, ಯಂತ್ರ ಏಳುವಾಗ ಯಾವ ಡಿಸ್ಕ್ ಸೇರಿಸಬೇಕೆಂದು ಓದುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಒಂದಕ್ಷರ ತಪ್ಪಿಸಿ, ಎದ್ದು ಊಟಕ್ಕೆ ಹೋಗಿರುತ್ತಿದ್ದೆ. ಕರೆಂಟ್ ಹೋಗಿ ಬರುತ್ತಿತ್ತು. ಯಂತ್ರ ಏಳುತ್ತಿರಲಿಲ್ಲ. ಒಂದು ತಿಂಗಳಲ್ಲಿ, ಬರೆದದ್ದನ್ನು ಎರಡು ಸಲ ಓದದೆ ಕುರ್ಚಿ ಬಿಡದ ಅಭ್ಯಾಸವಾಯಿತು.

ಎಜೆಡ್-800 ಅನ್ನು ಮನೆಯಿಂದಲೇ ಬರೆಯಬಹುದಿತ್ತು. ಕೋಣೆಯನ್ನೆಲ್ಲ ಕ್ಯಾಮೆರಾಕ್ಕೆ ತೋರಿಸಬೇಕು, ಮುಗಿಯುವವರೆಗೆ ಒಳಗೆ ಬೇರೆ ಯಾರೂ ಬರಬಾರದು. ಕರೆಂಟ್‌ನ ಮಾತು ಹಾಗಿರಲಿ, ಹನ್ನೊಂದು ಗಂಟೆಗೆ ಚಹಾ ತರುವ ಆಯಿಯನ್ನು ತಡೆಯುವವರು ಯಾರು? ಮುಂಡಗೋಡ ದಾರಿಯ ಬಸ್ ಹತ್ತಿ ಹುಬ್ಬಳ್ಳಿಯ ಕೇಂದ್ರಕ್ಕೆ ಹೋಗಿ ಬರೆದೆ.

ವಿಂಡೋಸ್ ಸರ್ವರ್ 2012 ಆರ್2ಗೆ ಮೈಕ್ರೋಸಾಫ್ಟ್‌ನ ಬೆಂಬಲ 2023ರ ಅಕ್ಟೋಬರ್ 10ಕ್ಕೆ ಮುಗಿಯುವುದಿತ್ತು. ನಮ್ಮಲ್ಲಿದ್ದದ್ದು ಅದೇ. ಬದಲಾಯಿಸುವ ಕೆಲಸಕ್ಕೆ ಹಿರಿಯರಿಗೆ ಕೈಯಾಳು ಬೇಕಿತ್ತು. ಭಾನುವಾರಗಳಂದು ನಾನು ಹೋದೆ, ಹೆಚ್ಚಿನ ಸಂಬಳ ಕೇಳದೆ. ಮುಂದಿನ ವರ್ಷ ಸರ್ವರ್ ವಿಭಾಗದ ಹುದ್ದೆಗೆ ಸಂದರ್ಶನ ನಡೆದಾಗ ಸರ್ಟಿಫಿಕೇಟ್‌ಗಳ ಬಗ್ಗೆ ಒಂದೇ ನಿಮಿಷ ಮಾತು. ಉಳಿದ ಅರ್ಧ ಗಂಟೆ, ಬ್ಯಾಕಪ್‌ನಿಂದ ಎಂದಾದರೂ ನಿಜವಾಗಿ ಮರಳಿ ತಂದಿದ್ದೀರಾ, ಎಷ್ಟು ಹೊತ್ತು ಹಿಡಿಯಿತು, ಏನು ಕೆಟ್ಟಿತು ಎಂದೇ ಕೇಳಿದರು. ಆ ಒಂದು ನಿಮಿಷ ಇಲ್ಲದಿದ್ದರೆ ಅರ್ಧ ಗಂಟೆಗೆ ಕರೆಯುತ್ತಲೇ ಇರಲಿಲ್ಲ ಎಂಬುದೂ ನಿಜ.

801 ಇನ್ನೂ ಬಾಕಿಯಿದೆ. ಮಳೆ ಕಡಿಮೆಯಾಗಲಿ ಎನ್ನುತ್ತಿದ್ದೇನೆ.

ಮೊನ್ನೆ ಹೆಲ್ಪ್ ಡೆಸ್ಕ್‌ಗೆ ಸೇರಿದ ಅಂಕೋಲಾದ ಹುಡುಗ, "ಅಣ್ಣ, ಯಾವ ಸರ್ಟಿಫಿಕೇಷನ್ ಮಾಡಲಿ?" ಎಂದು ಕೇಳಿದ. ಮೇಲಕ್ಕೆ ಕಳಿಸಿದ ಟಿಕೆಟ್‌ಗಳನ್ನು ಬರೆದು ತಾ ಎಂದೆ. ತಂದ. ಇಪ್ಪತ್ತಾರರಲ್ಲಿ ಹತ್ತೊಂಬತ್ತು ಪಾಸ್‌ಬುಕ್ ಪ್ರಿಂಟರಿನವು.